ಮನೆಯಲ್ಲಿ ವೈನ್ ಸಂಗ್ರಹ: ವರ್ತಕರ ಹೊಣೆಯೂ ಇದೆ

ದಾಸ್ತಾನಿನ ಶಿಸ್ತನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ವರ್ತಕರಿಗೆ ಹೊಸದಾಗಿ ಬೋಧಿಸಬೇಕಾಗಿಲ್ಲ. ಶಿಡ್ಲಘಟ್ಟದ ರೀಲರುಗಳು ಗೂಡನ್ನು ಸಕಾಲದಲ್ಲಿ ಆವಿಗೆ ಒಡ್ಡದಿದ್ದರೆ ಚಿಟ್ಟೆ ಅದನ್ನು ಕೊರೆದು ಹೊರಬರುತ್ತದೆ, ನೂಲು ಕೈತಪ್ಪುತ್ತದೆ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಒಂದು ದಿನದ ವಿಳಂಬವೂ ನಷ್ಟವೇ. ತೇವ ಆರದ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯುವುದನ್ನು ಗೌರಿಬಿದನೂರಿನ ವ್ಯಾಪಾರಿಗಳು ಬಲ್ಲರು. ಆದರೆ ಇದೇ ಸೀಮೆಯ ಹೆಸರನ್ನು ಹೊತ್ತ ವೈನ್ ವಿಷಯದಲ್ಲಿ ಈ ಎಚ್ಚರ ಸಾಲದು.

ನಂದಿಬೆಟ್ಟದ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಸಂಸ್ಥೆ 1988ರಲ್ಲಿ ಸ್ಥಾಪನೆಯಾಯಿತು. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ಪ್ರಕಟಿಸಿದ್ದು 2007ರಲ್ಲಿ. ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷ. ಬೆಳೆ ಮತ್ತು ತಯಾರಿಕೆಗೆ ದೊರೆತ ಈ ಗಮನ, ಸೀಸೆ ಅಂಗಡಿಗೂ ಗ್ರಾಹಕರ ಮನೆಗೂ ತಲುಪಿದ ಮೇಲಿನ ಜೋಪಾನಕ್ಕೆ ದೊರೆತಿಲ್ಲ. ಕೆಟ್ಟ ವೈನ್ ಕುಡಿದವನು ಶಾಖವನ್ನು ದೂರುವುದಿಲ್ಲ, ಬ್ರಾಂಡನ್ನು ದೂರುತ್ತಾನೆ. ಈ ನಷ್ಟ ತಯಾರಕರಿಗೂ ವರ್ತಕರಿಗೂ ಸಮಾನ.

ವೈನಿಗೆ ಶಾಖ, ಬೆಳಕು ಮತ್ತು ಅಲುಗಾಟ ಆಗದು. 12ರಿಂದ 15 ಡಿಗ್ರಿ ಸೆಲ್ಸಿಯಸ್ ತಾಪಮಾನ ಅದಕ್ಕೆ ಉತ್ತಮ. ಅದಕ್ಕಿಂತಲೂ ಮುಖ್ಯವಾದುದು ತಾಪಮಾನ ಪದೇ ಪದೇ ಏರಿಳಿಯದಿರುವುದು. ಬಯಲುಸೀಮೆಯ ಬೇಸಿಗೆಯಲ್ಲಿ ಅಡುಗೆಮನೆಯ ಅಟ್ಟ, ಫ್ರಿಜ್ಜಿನ ನೆತ್ತಿ, ಬಿಸಿಲು ಬೀಳುವ ಗಾಜಿನ ಕಪಾಟು, ಇವು ಮೂರೂ ಅಯೋಗ್ಯ ಸ್ಥಳಗಳು. ನೆಲಮಟ್ಟದ ಒಳಕೋಣೆಯ ಕತ್ತಲ ಮೂಲೆಯೇ ವಾಸಿ. ಕಾರ್ಕ್ ಬಿರಡೆಯ ಸೀಸೆಗಳನ್ನು ಮಲಗಿಸಿಡಬೇಕು. ಬಿರಡೆ ಒಣಗಿದರೆ ಗಾಳಿ ಒಳಸೇರಿ ವೈನ್ ಹುಳಿಯಾಗುತ್ತದೆ. ತಿರುಪು ಮುಚ್ಚಳದ ಸೀಸೆಗಳಿಗೆ ಈ ನಿರ್ಬಂಧವಿಲ್ಲ. ಫ್ರಿಜ್ಜು ಕೆಲವು ವಾರಗಳಿಗೆ ಸಾಕು, ವರ್ಷಗಟ್ಟಲೆ ಇಡಲು ಅದು ತಕ್ಕುದಲ್ಲ.

ಸಂಗ್ರಹದ ವ್ಯವಸ್ಥೆಗೂ ಅಂಗಡಿಯ ದಾಸ್ತಾನು ಪುಸ್ತಕವೇ ಮಾದರಿ. ಹೆಸರು, ದ್ರಾಕ್ಷಿಯ ವರ್ಷ, ಕೊಂಡ ದಿನ, ತೆರೆಯಬೇಕಾದ ಗಡುವು ಇಷ್ಟನ್ನು ಬರೆದಿಟ್ಟರೆ ಸಾಕು. ಹಳೆಯದಾದಷ್ಟೂ ವೈನ್ ಉತ್ತಮವೆಂಬ ನಂಬಿಕೆ ಬಹುಪಾಲು ಸೀಸೆಗಳ ವಿಷಯದಲ್ಲಿ ಸುಳ್ಳು. ಸಾಮಾನ್ಯ ಬಿಳಿ ವೈನನ್ನು ಒಂದೆರಡು ವರ್ಷಗಳೊಳಗೆ, ಸಾಮಾನ್ಯ ಕೆಂಪು ವೈನನ್ನು ಕೆಲವೇ ವರ್ಷಗಳೊಳಗೆ ಬಳಸುವುದು ಲೇಸು. ಬೇಗ ಮುಗಿಸಬೇಕಾದವು ಕೈಗೆಟುಕುವ ಮುಂದಿನ ಸಾಲಿನಲ್ಲಿಯೂ, ಕಾಯಬಲ್ಲವು ಹಿಂದಿನ ಸಾಲಿನಲ್ಲಿಯೂ ಇರಲಿ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಪ್ರಮಾಣಕ್ಕೆ ಅಬಕಾರಿ ನಿಯಮಗಳು ಮಿತಿ ವಿಧಿಸಿರುವುದರಿಂದ ಸಂಗ್ರಹಕಾರರು ಅದನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಇವು ದೊಡ್ಡ ಬಂಡವಾಳ ಬೇಡುವ ಕಾರ್ಯಗಳಲ್ಲ. ಪರವಾನಗಿ ಪಡೆದ ಮಾರಾಟಗಾರರು ತಮ್ಮ ದಾಸ್ತಾನನ್ನು ಮೊದಲು ಬಿಸಿಲಿನಿಂದ ಒಳಗೆ ಸರಿಸಲಿ. ಬಳಿಕ ಪ್ರತಿ ಸೀಸೆಯೊಂದಿಗೆ ಜೋಪಾನದ ನಾಲ್ಕು ಸಾಲಿನ ಕನ್ನಡ ಚೀಟಿ ನೀಡಲಿ. ಆರೋ ಹನ್ನೆರಡೋ ಸೀಸೆ ಮಲಗಿಸುವ ಮರದ ಚೌಕಟ್ಟನ್ನು ಸ್ಥಳೀಯ ಬಡಗಿಗಳೇ ತಯಾರಿಸಬಲ್ಲರು. ಸಣ್ಣ ಕೈಗಾರಿಕೆಗಳಿಗೆ ಅದೊಂದು ಹೊಸ ಬಾಬ್ತಾದೀತು. ನಂದಿ ಸೀಮೆಯ ವೈನಿಗೆ ಹೆಸರು ಬರಬೇಕಾದರೆ, ತೋಟದಲ್ಲಿ ತೋರಿದ ಕಾಳಜಿಯು ಗ್ರಾಹಕನ ಲೋಟದವರೆಗೂ ಮುಂದುವರಿಯಬೇಕು. ಅದರ ಕೊನೆಯ ಹಂತದ ಹೊಣೆ ಮಾರುವವನದೇ.