ಕೋಳಿ ಸಾಯೋವರೆಗೂ ಕಾಯಬೇಕೆ?

ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಗೋವಿಂದರಾಜನಗರದ ಕೋಳಿ ಅಂಗಡಿಯವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ದರ ಎಷ್ಟು, ತೂಕ ಸರಿಯಿದೆಯೇ ಎಂದು ಕೇಳುವವರು ಬೇಕಾದಷ್ಟು. ಪಂಜರದಡಿಯ ಹಿಕ್ಕೆಯಲ್ಲಿ, ಚರಂಡಿಗೆ ಹರಿಯುವ ನೀರಿನಲ್ಲಿ ಏನಿದೆ ಎಂದು ಕೇಳುವವರು ಯಾರೂ ಇಲ್ಲ. ಹಕ್ಕಿಜ್ವರದ ಸುದ್ದಿ ಬಂದಾಗ ಮಾತ್ರ ಎಲ್ಲರೂ ಕೇಳುತ್ತಾರೆ. ಅಷ್ಟೊತ್ತಿಗೆ ವ್ಯಾಪಾರ ಮಲಗಿರುತ್ತದೆ.

ಬೆಂಗಳೂರಿಗೆ ಈ ರೋಗ ಹೊಸದೇನಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ್ದೇ ಕೋಳಿ ಸಂಸ್ಥೆಯ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತವು. ಕಾರಣ ಎಚ್5ಎನ್1. 2018ರ ಜನವರಿಯಲ್ಲಿ ಯಲಹಂಕ ಕಡೆಯ ದಾಸರಹಳ್ಳಿಯಲ್ಲಿ ಎಚ್5ಎನ್8 ಸಿಕ್ಕಿತು. ಅದು ಸಿಕ್ಕಿದ್ದು ಫಾರಮ್ಮಿನಲ್ಲಲ್ಲ, ಮಾಮೂಲಿ ಕೋಳಿ ಅಂಗಡಿಯಲ್ಲಿ! 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲು, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ. ಎಲ್ಲ ಕಡೆಯೂ ಕ್ರಮ ಒಂದೇ. ಮೊದಲು ಕೋಳಿ ಸಾಯಬೇಕು, ಮಾದರಿ ಭೋಪಾಲಕ್ಕೆ ಹೋಗಬೇಕು, ಆಮೇಲೆ ಗುಂಡಿ ತೋಡಬೇಕು.

ಸಾವಿಗೆ ಕಾಯದ ದಾರಿಯೂ ಇದೆ. ಸೋಂಕಿದ ಹಕ್ಕಿಯ ಹಿಕ್ಕೆಯಲ್ಲಿ, ಮೂಗು-ಬಾಯಿಯ ದ್ರವದಲ್ಲಿ ವೈರಸ್ ಇರುತ್ತದೆ. ಬಾತುಕೋಳಿಯಂತೂ ಗಟ್ಟಿಮುಟ್ಟಾಗಿದ್ದುಕೊಂಡೇ ರೋಗ ಹಂಚಬಲ್ಲದು. ಕೊಯ್ಯುವ ಮರದ ದಿಮ್ಮಿ, ಪುಕ್ಕ ಕೀಳುವ ಯಂತ್ರ, ಲಾರಿಯಿಂದಿಳಿದ ಕ್ರೇಟು, ನೀರಿನ ತಟ್ಟೆ ಇವನ್ನೆಲ್ಲ ಹತ್ತಿ ಕಡ್ಡಿಯಿಂದ ಒರೆಸಿ ಪರೀಕ್ಷಿಸಿದರೆ ಸುಳಿವು ಸಿಗುತ್ತದೆ. ಕೋಳಿಯನ್ನು ಮುಟ್ಟಬೇಕಾಗಿಯೂ ಇಲ್ಲ. ಬೇರೆ ಬೇರೆ ಫಾರಮ್ಮಿನ ಕೋಳಿ ಬಂದು ಸೇರುವ ಅಂಗಡಿಯಾದರೆ ಒಂದೇ ಕಡೆ ಹಲವು ಫಾರಮ್ಮುಗಳ ಸುದ್ದಿ! ಆದರೆ ಸುಳಿವು ಸುಳಿವಷ್ಟೇ. ವೈರಸ್ ಜೀವಂತವೋ, ಬಂದದ್ದೆಲ್ಲಿಂದ ಎಂಬುದನ್ನು ಮುಂದಿನ ಪರೀಕ್ಷೆಗಳೇ ಹೇಳಬೇಕು.

ಹಾಂಕಾಂಗ್ ಪಾಠ ಕಲಿತದ್ದು ಜೀವ ತೆತ್ತು. 1997ರಲ್ಲಿ ಅಲ್ಲಿ 18 ಮಂದಿಗೆ ಎಚ್5ಎನ್1 ತಗುಲಿ 6 ಮಂದಿ ಸತ್ತರು. 2001ರಿಂದ ಕೋಳಿ ಮಾರುಕಟ್ಟೆಗೆ ತಿಂಗಳಿಗೊಂದು ರಜೆ ಬಂತು. ಅಂದು ಒಂದು ಕೋಳಿಯೂ ಉಳಿಯದಂತೆ ಪಂಜರ ಖಾಲಿ ಮಾಡಿ ತೊಳೆಯುವುದು ಕಡ್ಡಾಯ. ನಮ್ಮಲ್ಲೂ ರಜೆಗೇನು ಕಮ್ಮಿಯಿಲ್ಲ! ಗಾಂಧಿ ಜಯಂತಿ, ಮಹಾವೀರ ಜಯಂತಿಗೆ ಮಾಂಸ ಮಾರಾಟ ಬಂದ್. ಆದರೆ ಷಟರ್ ಇಳಿಸಿದ ಮಾತ್ರಕ್ಕೆ ಒಳಗಿನ ಪಂಜರ ಖಾಲಿಯಾಗುವುದಿಲ್ಲ. ವೈರಸ್‌ಗೆ ಜಯಂತಿಯ ಲೆಕ್ಕ ಗೊತ್ತಿಲ್ಲ.

ಅಂಗಡಿಯವನು ಪರೀಕ್ಷೆಗೆ ಒಪ್ಪುತ್ತಾನೆಯೇ? ಕಷ್ಟದ ಪ್ರಶ್ನೆ. ಸರ್ಕಾರ ತಾನು ಕೊಲ್ಲಿಸಿದ ಕೋಳಿಗೆ ಪರಿಹಾರ ಕೊಡುತ್ತದೆ, ರೋಗದಿಂದ ಮೊದಲೇ ಸತ್ತದ್ದಕ್ಕಿಲ್ಲ. ಅಂಗಡಿ ಮುಚ್ಚಿದ ದಿನಗಳ ಬಾಡಿಗೆ, ಹುಡುಗರ ಕೂಲಿ ಯಾರು ಕೊಡಬೇಕು? ಬಾಯಿ ಬಿಟ್ಟರೆ ನಷ್ಟ ಎಂದಾದರೆ ಸತ್ತ ಕೋಳಿ ಗೋಣಿಚೀಲ ಸೇರಿ, ರಾತ್ರಿ ಖಾಲಿ ಸೈಟಿಗೆ ಬೀಳುತ್ತದೆ. ಅದನ್ನು ನಾಯಿ ಎಳೆಯುತ್ತದೆ, ಕಾಗೆ ಕುಕ್ಕುತ್ತದೆ. ರೋಗ ಬೀದಿಗೆ ಬರಲು ಇಷ್ಟೇ ಸಾಕು.

ಚೆನ್ನಾಗಿ ಬೇಯಿಸಿದ ಕೋಳಿಯಿಂದ ಅಪಾಯವಿಲ್ಲ, 70 ಡಿಗ್ರಿ ಶಾಖಕ್ಕೆ ವೈರಸ್ ಸಾಯುತ್ತದೆ. ಅಪಾಯವೇನಿದ್ದರೂ ಮೊದಲು ದಿಮ್ಮಿಯ ಮುಂದೆ ನಿಂತು ಕೊಯ್ಯುವ ಹುಡುಗನಿಗೆ.

ಹೆಬ್ಬಾಳದಲ್ಲಿ ಪಶು ರೋಗ ಪ್ರಯೋಗಾಲಯವಿದೆ. ಪರವಾನಗಿ ಪಡೆದ ಅಂಗಡಿಗಳ ಪಟ್ಟಿ ಪಾಲಿಕೆಯ ಕೈಯಲ್ಲಿದೆ. ಇವೆರಡನ್ನೂ ಒಟ್ಟಿಗೆ ಕೂರಿಸಿ, ಮುಚ್ಚಿದ ದಿನಕ್ಕೂ ಪರಿಹಾರ ಕಟ್ಟಿಕೊಟ್ಟರೆ ಅಂಗಡಿಯವನೇ ಕರೆದು ಒರೆಸಿಕೊಳ್ಳಿ ಎಂದಾನು.