ಟೈಪ್ ರೇಟಿಂಗ್ ಖರ್ಚು ಯಾರದು? ಕೆಲಸವಿಲ್ಲದ ಪೈಲಟ್‌ಗಳ ಹಕ್ಕೊತ್ತಾಯ ಪತ್ರ

ಗೆ,
ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮತ್ತು ಕರ್ನಾಟಕ ಸರ್ಕಾರ

ಮಾನ್ಯರೇ,

ಈ ಪತ್ರಕ್ಕೆ ಸಹಿ ಹಾಕಿರುವ ನಾವು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದೂ ಮನೆಯಲ್ಲಿ ಕೂತವರು. ಜೊತೆಗೆ ನಮಗಾಗಿ ಹೊಲ, ಸೈಟು ಅಡವಿಟ್ಟ ಅಪ್ಪ ಅಮ್ಮಂದಿರೂ ಇದ್ದಾರೆ. 200 ಗಂಟೆ ಹಾರಿದ್ದೇವೆ. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ನಮ್ಮದೇ. ಒಂದೇ ಪಯಣದಲ್ಲಿ 300 ನಾಟಿಕಲ್ ಮೈಲಿ ಕ್ರಮಿಸಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಬಂದಿದ್ದೇವೆ. ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ಸ್ ಪೇಪರುಗಳಲ್ಲಿ ನೂರಕ್ಕೆ 70ರ ಗಡಿ ದಾಟಿದ್ದೇವೆ. ಇಷ್ಟಾದರೂ ಏರ್‌ಬಸ್ 320ರ ಬಲಗಡೆಯ ಸಹಪೈಲಟ್ ಸೀಟಿನಲ್ಲಿ ಕೂರುವಂತಿಲ್ಲ. ಅದಕ್ಕೆ ಆ ವಿಮಾನಕ್ಕೆಂದೇ ತರಬೇತಿ ಪಡೆದು ಗಳಿಸುವ ಟೈಪ್ ರೇಟಿಂಗ್ ಬೇಕು.

ಬೇಕೇ ಬೇಕು. ಅದನ್ನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಂಜಿನ್ ಕೆಟ್ಟಿರಲಿಲ್ಲ. ಕಾಕ್‌ಪಿಟ್‌ನಲ್ಲಿದ್ದ ಇಬ್ಬರೂ ಸಾವಿರಾರು ಗಂಟೆ ಹಾರಿದ್ದವರು. ಆದರೆ ಏರ್‌ಬಸ್ 320 ಆಗಿನ್ನೂ ದೇಶಕ್ಕೇ ಹೊಸದು. ವಿಮಾನ ‘ಓಪನ್ ಡಿಸೆಂಟ್’ ಮೋಡ್‌ಗೆ ಹೋಗಿ, ಎಂಜಿನ್‌ಗಳು ಐಡಲ್‌ನಲ್ಲೇ ಉಳಿದು, ವೇಗ ಕುಸಿಯುತ್ತಿದ್ದದ್ದು ಅವರ ಗಮನಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಟೈಪ್ ರೇಟಿಂಗ್ ಯಾಕೆ ಅನ್ನುವುದಕ್ಕೆ ಬೆಂಗಳೂರಿಗೆ ಬೇರೆ ಪಾಠ ಬೇಕಿಲ್ಲ. ನಮ್ಮ ತಕರಾರು ಅದರ ಬಿಲ್ ಯಾರ ಹೆಸರಿಗೆ ಬರುತ್ತದೆ ಎಂಬುದರ ಬಗ್ಗೆ.

1. ಟೈಪ್ ರೇಟಿಂಗ್ ಖರ್ಚನ್ನು ವಿಮಾನಯಾನ ಕಂಪನಿಗಳೇ ಭರಿಸಬೇಕು. 320ರ ರೇಟಿಂಗ್ ಇದ್ದವರು ಬೋಯಿಂಗ್ 737 ಮುಟ್ಟುವಂತಿಲ್ಲ, ಎಟಿಆರ್ 72 ಕೂಡ ಅಲ್ಲ. ಅಂದರೆ ಆ ಕಲಿಕೆಯ ಉಪಯೋಗವೆಲ್ಲ ಆ ವಿಮಾನ ಇಟ್ಟುಕೊಂಡ ಕಂಪನಿಗೇ. ಆದರೆ ಈಗ ನಡೆಯುತ್ತಿರುವುದೇನು? ಯಾವ ಕಂಪನಿ ಯಾವಾಗ ನೇಮಕಾತಿ ಕರೆಯುತ್ತದೋ ಎಂದು ಇಪ್ಪತ್ತೆರಡರ ಹುಡುಗಿ ಲೆಕ್ಕ ಹಾಕಿ, ಸಾಲ ಮಾಡಿ, ಯಾವುದೋ ಒಂದು ವಿಮಾನದ ರೇಟಿಂಗ್ ಕೊಳ್ಳಬೇಕು. ಲೆಕ್ಕ ತಪ್ಪಿದರೆ ಹಣ ಹೋಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು, ಗೋ ಫಸ್ಟ್ 2023ರ ಮೇನಲ್ಲಿ. ದೊಡ್ಡ ದೊಡ್ಡ ಕಂಪನಿಗಳಿಗೇ ತಮ್ಮ ನಾಳೆ ಕಾಣದಿರುವಾಗ ನಮಗೆಲ್ಲಿ ಕಾಣಬೇಕು? ‘ನಾವು ಕಲಿಸುತ್ತೇವೆ, ಅವರು ಬಿಟ್ಟು ಹೋಗುತ್ತಾರೆ’ ಎಂದು ಕಂಪನಿಗಳು ಗೊಣಗುತ್ತವೆ. ಕೆಲಸ ಬಿಡಬೇಕಾದರೆ ಫಸ್ಟ್ ಆಫೀಸರ್ ಆರು ತಿಂಗಳು, ಕಮಾಂಡರ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕೆಂದು 2017ರಲ್ಲೇ ಡಿಜಿಸಿಎ ಕಟ್ಟಿಹಾಕಿದೆ. ಇನ್ನೆಷ್ಟು ಭದ್ರತೆ ಬೇಕು?

2. ಇಂತಿಷ್ಟು ವರ್ಷ ಕೆಲಸ ಬಿಡುವುದಿಲ್ಲವೆಂಬ ಬಾಂಡ್ ಬೇಕೆಂದರೆ ಇರಲಿ. ಅದರ ಮೊತ್ತ ಪ್ರತಿ ತಿಂಗಳ ದುಡಿಮೆಗೆ ತಕ್ಕಂತೆ ಇಳಿಯುತ್ತ ಹೋಗಬೇಕು. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳಬಾರದು.

3. ಲೈಸೆನ್ಸಿನ ಅವಧಿಯನ್ನು 2023ರಲ್ಲಿ ಐದು ವರ್ಷದಿಂದ ಹತ್ತಕ್ಕೆ ಏರಿಸಿದಿರಿ. ಸಂತೋಷ. ಆದರೆ ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷಕ್ಕೊಮ್ಮೆ, ಕ್ಲಾಸ್ 1 ಮೆಡಿಕಲ್ ವರ್ಷಕ್ಕೊಮ್ಮೆ. ಸ್ವಂತ ದುಡ್ಡಲ್ಲಿ ಟೈಪ್ ರೇಟಿಂಗ್ ಮಾಡಿಕೊಂಡವರು ಕೈ ಪಳಗಿರಲೆಂದು ಸಿಮ್ಯುಲೇಟರಿಗೆ ಮತ್ತೆ ಮತ್ತೆ ಹೋಗಬೇಕು. ದುಡಿಯದವರು ದುಡಿಯುವವರಷ್ಟೇ ಖರ್ಚು ಮಾಡುತ್ತಿದ್ದಾರೆ. ಕೆಲಸ ಸಿಗುವ ತನಕ ಈ ನವೀಕರಣಗಳಿಗೆ ರಿಯಾಯಿತಿ ದರ ಗೊತ್ತುಪಡಿಸಿ. ಪರೀಕ್ಷೆಯ ಮಟ್ಟ ಒಂದಿಷ್ಟೂ ಇಳಿಯಬೇಕಿಲ್ಲ.

4. ಒಂದೇ ರೇಟಿಂಗಿನಡಿ ಬರುವ ಹೊಸ ಮಾದರಿಗೆ ಎಷ್ಟು ತರಬೇತಿ ಬೇಕೆಂಬುದನ್ನು ಮಾರಾಟಗಾರರ ಲೆಕ್ಕಾಚಾರ ತೀರ್ಮಾನಿಸಬಾರದು. ಬೋಯಿಂಗ್ 737 ಮ್ಯಾಕ್ಸ್ ಹಳೆಯ 737ರ ರೇಟಿಂಗ್‌ನಲ್ಲೇ ಹಾರುತ್ತದೆ, ಹೊಸದಾಗಿ ಸಿಮ್ಯುಲೇಟರ್ ಹತ್ತಬೇಕಿಲ್ಲ ಎಂದೇ ಅದನ್ನು ಮಾರಿದರು. ಎಂಕ್ಯಾಸ್ ಎಂಬ ತಂತ್ರಾಂಶ ಮೂತಿಯನ್ನು ತಾನಾಗಿ ಕೆಳಕ್ಕೆ ತಳ್ಳುತ್ತದೆ ಎಂಬುದು ಪೈಲಟ್‌ಗಳ ಕೈಪಿಡಿಯಲ್ಲಿ ಇರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾ: ಎರಡೂ ಪತನ ಸೇರಿ 346 ಜೀವ ಹೋಯಿತು. ನಮ್ಮ ಡಿಜಿಸಿಎ 2022ರ ಏಪ್ರಿಲ್‌ನಲ್ಲಿ, ಸಿಮ್ಯುಲೇಟರಿನ ದೋಷದಿಂದ ತರಬೇತಿ ಸರಿಯಾಗಿರಲಿಲ್ಲವೆಂದು 90 ಪೈಲಟ್‌ಗಳನ್ನು ಮ್ಯಾಕ್ಸ್ ಹಾರಿಸದಂತೆ ತಡೆಯಿತು. ಆ ಬಿಗಿಯನ್ನು ನಾವು ಮೆಚ್ಚುತ್ತೇವೆ. ಯಾವ ಸಿಮ್ಯುಲೇಟರ್‌ನಲ್ಲಿ ಯಾವ ದೋಷ ಎಂದಿನಿಂದ ಇದೆ ಎಂಬ ಪಟ್ಟಿ ಇನ್ನು ಮುಂದೆ ಸಾರ್ವಜನಿಕವಾಗಿರಲಿ.

5. ನಕಲಿ ದಾಖಲೆಗಳ ಮೇಲಿನ ಬಿಗಿ ಹಾಗೇ ಇರಲಿ. 2011ರಲ್ಲಿ ಖೋಟಾ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದಾಗ ತಲೆ ತಗ್ಗಿಸಿದ್ದು ಓದಿ ಪಾಸಾದವರು. ಆದರೆ ಎಲೆಕ್ಟ್ರಾನಿಕ್ ಲೈಸೆನ್ಸ್ ಬಂದ ಮೇಲೂ ಅರ್ಜಿಗಳು ಕೊಳೆಯುತ್ತ ಕೂರಬಾರದು. ಗೊತ್ತುಪಡಿಸಿದ ದಿನದೊಳಗೆ ಒಪ್ಪಿ, ಇಲ್ಲವೇ ಕಾರಣ ಬರೆದು ತಿರಸ್ಕರಿಸಿ.

6. ಫ್ಲೈಯಿಂಗ್ ಸ್ಕೂಲ್‌ಗಳು ಹಾರಾಟದ ಗಂಟೆಗಳಿಗೆ ಜವಾಬು ಹೇಳಬೇಕು. ನಮ್ಮಲ್ಲೊಬ್ಬಳ ಲಾಗ್‌ಬುಕ್ ತೆರೆದರೆ ಒಂದಿಡೀ ತಿಂಗಳಿಗೆ ಮೂರು ಸಾಲು. ಸೆಸ್ನಾ 172, ಡ್ಯುಯಲ್, ಐವತ್ತು ನಿಮಿಷ; ಹೀಗೆ ಮೂರು ಸಲ. ಉಳಿದ ದಿನ ಇನ್‌ಸ್ಟ್ರಕ್ಟರ್ ಇಲ್ಲ, ಬಿಡಿಭಾಗ ಬಂದಿಲ್ಲ, ಇವೆರಡೂ ಇದ್ದ ದಿನ ಮೋಡ. ಹಾಸ್ಟೆಲ್ ಬಾಡಿಗೆ ಮಾತ್ರ ಮೋಡ ನೋಡಲಿಲ್ಲ. ಡಿಜಿಸಿಎ 2025ರಲ್ಲಿ ಸ್ಕೂಲ್‌ಗಳಿಗೆ ದರ್ಜೆ ಕೊಟ್ಟಾಗ ಮೊದಲ ಪಟ್ಟಿಯಲ್ಲಿ ಎ ಪ್ಲಸ್ ಆಗಲಿ ಎ ಆಗಲಿ ಯಾವುದಕ್ಕೂ ಸಿಗಲಿಲ್ಲ. ದರ್ಜೆ ಕೊಟ್ಟು ಸುಮ್ಮನಾದರೆ ಸಾಲದು. ಒಪ್ಪಿದ ಅವಧಿಯಲ್ಲಿ 200 ಗಂಟೆ ಮುಗಿಸದ ಸ್ಕೂಲ್ ಉಳಿಕೆ ಶುಲ್ಕ ವಾಪಸ್ ಕೊಡಬೇಕು.

7. ರಾಜ್ಯ ಸರ್ಕಾರಕ್ಕೆ: ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗೆ ಸಾಕಷ್ಟು ವಿಮಾನ ಮತ್ತು ಇನ್‌ಸ್ಟ್ರಕ್ಟರ್‌ಗಳನ್ನು ಕೊಡಿ. ಮಧ್ಯಮ ವರ್ಗದ ಮಕ್ಕಳಿಗೆ ಖಾಸಗಿ ಸ್ಕೂಲಿನ ಶುಲ್ಕ ಎಟುಕುವುದಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ ಕನ್ನಡ ಮಾಧ್ಯಮದ ಮಕ್ಕಳೂ ಅಲ್ಲಿಗೆ ಬರಬೇಕು. ಪರೀಕ್ಷೆ ಇಂಗ್ಲಿಷ್‌ನಲ್ಲೇ ಇರಲಿ, ರೇಡಿಯೊ ಮಾತೂ ಇಂಗ್ಲಿಷ್‌ನಲ್ಲೇ. ಪಾಠವನ್ನು ಮಾತ್ರ ಕನ್ನಡದಲ್ಲೂ ಬಿಡಿಸಿ ಹೇಳಲಿ.

ಏಳರಲ್ಲಿ ಒಂದನೆಯ ಬೇಡಿಕೆಗೆ ಮೊದಲು ಲಿಖಿತ ಉತ್ತರ ಕೊಡಿ. ಉಳಿದವನ್ನು ಎದುರು ಕೂತು ಮಾತಾಡಲು ನಾವು ಸಿದ್ಧ. ಕಂಪನಿಗಳ ಪ್ರತಿನಿಧಿಗಳನ್ನೂ ಅದೇ ಸಭೆಗೆ ಕರೆಯಿರಿ.

ಇತಿ,
ಲೈಸೆನ್ಸ್ ಪಡೆದ ಪೈಲಟ್‌ಗಳು ಮತ್ತು ಪೋಷಕರು