ದೇವರಿಗೆ ನಾಲ್ಕು ದಿನ, ನಮಗೆ ಒಂದು ವೀಕೆಂಡು

ಪ್ರತಿ ಏಪ್ರಿಲ್ ಬಂತೂಂದ್ರೆ ಆಫೀಸಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಎಕ್ಸೆಲ್ ಶೀಟು ಓಡಾಡೋಕೆ ಶುರುವಾಗುತ್ತೆ. ಕೇದಾರನಾಥ ಪ್ಲಾನು. ಶುಕ್ರವಾರ ರಾತ್ರಿ ದೆಹಲಿಗೆ ವಿಮಾನ, ರಾತ್ರಿಯಿಡೀ ಗಾಡಿಯಲ್ಲಿ ಹರಿದ್ವಾರ, ಶನಿವಾರ ಸಂಜೆಗೆ ಗುಪ್ತಕಾಶಿ. ಭಾನುವಾರ ಬೆಳಿಗ್ಗೆ ಹೆಲಿಕಾಪ್ಟರ್, ದರ್ಶನ, ಫೋಟೋ, ಮತ್ತೆ ಹೆಲಿಕಾಪ್ಟರ್. ಸೋಮವಾರ ಪೂರ್ತಿ ರಸ್ತೆ, ರಾತ್ರಿ ವಿಮಾನ. ಮಂಗಳವಾರ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಹಾಜರು. ಖರ್ಚಾಗೋ ರಜೆ ಎಷ್ಟು? ಒಂದು. ಆ ‘ಒಂದು’ ಅನ್ನೋ ಮನೆಗೆ ಹಸಿರು ಬಣ್ಣ ಬೇರೆ ಬಳಿದಿರ್ತಾರೆ.

ಆ ಹಸಿರು ಬಣ್ಣದ ಮೇಲೇ ನನ್ನ ತಕರಾರು.

ಅದರ ಪಕ್ಕಕ್ಕೆ ಇನ್ನೊಂದು ಪ್ಲಾನ್ ಇಟ್ಟು ನೋಡಿ. ಇದು ಖುದ್ದು ಕೇದಾರನಾಥನ ಪ್ಲಾನು. ದೀಪಾವಳಿ ಮುಗೀತಿದ್ದ ಹಾಗೆ ಮೇಲಿನ ಗುಡಿಯ ಬಾಗಿಲು ಮುಚ್ಚುತ್ತೆ. ಸ್ವಾಮಿಯ ಉತ್ಸವಮೂರ್ತಿ ಕೆಳಗೆ ಊಖಿಮಠದ ಓಂಕಾರೇಶ್ವರ ದೇವಸ್ಥಾನಕ್ಕೆ ಬರುತ್ತೆ. ಚಳಿಗಾಲದ ಪೂಜೆಯೆಲ್ಲ ಅಲ್ಲೇ. ಬೇಸಿಗೆಯಲ್ಲಿ ಬಾಗಿಲು ತೆಗೆಯೋ ಮುಂಚೆ ಸ್ವಾಮಿ ಪಲ್ಲಕ್ಕಿಯಲ್ಲಿ ಹೊರಡ್ತಾನೆ, ಹೊತ್ತವರು ನಡೆದೇ ಹೋಗ್ತಾರೆ. ಮೊದಲ ರಾತ್ರಿ ಗುಪ್ತಕಾಶಿ. ಎರಡನೇ ರಾತ್ರಿ ಫಾಟಾ. ಮೂರನೇ ರಾತ್ರಿ ಗೌರಿಕುಂಡ. ನಾಲ್ಕನೇ ದಿನ ಕೇದಾರ. ಬಾಗಿಲು ತೆಗೆಯೋದು ಅದರ ಮಾರನೇ ಬೆಳಿಗ್ಗೆ. ಸುಮಾರು 1,300 ಮೀಟರಿಂದ 3,580 ಮೀಟರಿಗೆ ಹತ್ತೋಕೆ ಹಿಮಾಲಯದ ಯಜಮಾನನೇ ನಾಲ್ಕು ದಿನ ತಗೊಳ್ತಾನೆ ಸ್ವಾಮಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಎಸಿ ಹಾಕ್ಕೊಂಡು ಕೂತಿರೋ ನಮಗೆ ಹತ್ತು ನಿಮಿಷ ಸಾಕಂತೆ.

ಈ ಲೆಕ್ಕ ಕನ್ನಡದವರಿಗೆ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. ಕೇದಾರದ ರಾವಲ್, ಅಂದ್ರೆ ಪ್ರಧಾನ ಅರ್ಚಕರು, ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ಬಾಳೆಹೊನ್ನೂರಿನ ರಂಭಾಪುರಿ ಹೇಗೆ ಪಂಚಪೀಠಗಳಲ್ಲಿ ಒಂದೋ, ಹಾಗೇ ಕೇದಾರಪೀಠವೂ ಒಂದು. ಅದರ ಮಠ ಇರೋದು ಊಖಿಮಠದಲ್ಲಿ. ನಾನು ಅಪ್ಪ-ಅಮ್ಮನ್ನ ಕರ್ಕೊಂಡು ಹೋದಾಗ ಅಲ್ಲಿ ಎರಡು ದಿನ ಇದ್ವಿ. ಹರಿದ್ವಾರ ಬಿಟ್ಟಾಗಿಂದ ಯಾರ ಹತ್ರನೂ ಮಾತಾಡೋಕಾಗದೆ ಬಾಯಿ ಕಟ್ಟಿ ಕೂತಿದ್ದ ಅಮ್ಮ, ಮಠದ ಅಂಗಳದಲ್ಲಿ ಒಬ್ಬರು “ಯಾವ ಊರಿಂದ ಬಂದ್ರಿ ತಾಯಿ?” ಅಂದಿದ್ದೇ ತಡ, ಬೇಲೂರು ಸೀಮೆಯ ಪುರಾಣವನ್ನೆಲ್ಲ ಬಿಚ್ಚಿದಳು. ನಮ್ಮ ಆಫೀಸಿನ ಶೀಟಿನಲ್ಲಿ ಊಖಿಮಠ ಅನ್ನೋ ಹೆಸರೇ ಇರಲ್ಲ. ಗುಪ್ತಕಾಶಿಯ ಎದುರಿನ ಗುಡ್ಡದಲ್ಲೇ ಇದೆ, ಕಣ್ಣಿಗೆ ಕಾಣುತ್ತೆ. ಆದ್ರೆ ಹೆಲಿಪ್ಯಾಡ್ ಇರೋದು ಈ ಕಡೆ ನೋಡಿ.

ಇರಲಿ. “ವಯಸ್ಸಾದ ಅಪ್ಪ-ಅಮ್ಮ ಇದಾರೆ, ಹೆಲಿಕಾಪ್ಟರ್ ಬಿಟ್ರೆ ಗತಿಯಿಲ್ಲ” ಅಂತೀರಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರೋದು ಆ ಮಾತಿಗೇ. ಕೇದಾರದ ಎತ್ತರದಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗೋದರ ಮೂರನೇ ಎರಡು ಭಾಗದಷ್ಟು. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗೋ ಜಾಗದ ಎತ್ತರವನ್ನ ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬೇಡಿ ಅಂತ ವೈದ್ಯರು ಹೇಳ್ತಾರೆ. ಬಿ.ಪಿ. ಮಾತ್ರೆ ನುಂಗೋ, ಸಕ್ಕರೆ ಕಾಯಿಲೆ ಇರೋ ಅರವತ್ತೈದರ ಜೀವವನ್ನ ನಾವು ಹತ್ತು ನಿಮಿಷದಲ್ಲಿ ಎರಡು ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೆ ಎತ್ತಿ, ಚಳಿಗಾಳಿಯಲ್ಲಿ ಕ್ಯೂ ನಿಲ್ಲಿಸ್ತೀವಿ. ಹೆಲಿಕಾಪ್ಟರ್ ಮೊಣಕಾಲು ನೋವಿಗೆ ಉತ್ತರವೇ ಹೊರತು ಶ್ವಾಸಕೋಶಕ್ಕಲ್ಲ. ಇತ್ತೀಚಿನ ವರ್ಷಗಳಲ್ಲಿ ಒಂದೊಂದು ಚಾರ್‌ಧಾಮ್ ಸೀಸನ್ನಿನಲ್ಲೂ ನೂರಕ್ಕೂ ಹೆಚ್ಚು ಯಾತ್ರಿಕರು ಸಾಯ್ತಿದಾರೆ. ಅದರಲ್ಲಿ ಬಹುಪಾಲು ಬಸ್ಸು ಉರುಳಿ ಸತ್ತವರಲ್ಲ, ಎದೆ ಹಿಡ್ಕೊಂಡು ಕುಸಿದವರು.

ನಮ್ಮಮ್ಮನಿಗೂ ಮಂಡಿನೋವಿದೆ. ನಾಲ್ಕು ಜನ ಹೊರೋ ಡಂಡಿಯಲ್ಲಿ ಕೂತು ಹೋದಳು. ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್. ಒಂದೇ ದಿನ ಹತ್ತಲಿಲ್ಲ, ದಾರಿಯಲ್ಲಿ ಲಿಂಚೋಲಿಯ ಟೆಂಟಿನಲ್ಲಿ ಒಂದು ರಾತ್ರಿ ಉಳಿದ್ವಿ. ಒಟ್ಟು ಹತ್ತು ದಿನದ ಪ್ರವಾಸ. ಖರ್ಚಾದ ರಜೆ ಆರು. ನನ್ನ ಪ್ರಾಜೆಕ್ಟೇನೂ ಮುಳುಗಲಿಲ್ಲ.

ಹೆಲಿಕಾಪ್ಟರಿನ ಬಗ್ಗೆ ಇನ್ನೂ ಒಂದು ಮಾತಿದೆ. 2022ರ ಅಕ್ಟೋಬರಿನಲ್ಲಿ ಕೇದಾರದ ಹತ್ರ ಒಂದು ಬಿತ್ತು, ಏಳು ಜನ ಹೋದರು. 2025ರ ಜೂನಿನಲ್ಲಿ ಗೌರಿಕುಂಡದ ಹತ್ರ ಇನ್ನೊಂದು, ಮತ್ತೆ ಏಳು ಜನ. ಇಕ್ಕಟ್ಟಿನ ಕಣಿವೆ ಅದು, ಮೋಡ ಯಾವಾಗ ಮುಚ್ಚುತ್ತೋ ಹೇಳೋಕಾಗಲ್ಲ. ‘ಮೋಡ ಇದ್ರೆ ಬೇಡ ಬಿಡಿ, ನಾಳೆ ಹೋಗೋಣ’ ಅಂತ ಹೇಳೋ ಧೈರ್ಯ ಬರೋದು ಕೈಯಲ್ಲಿ ಇನ್ನೆರಡು ದಿನ ಮಿಕ್ಕಿರೋನಿಗೆ ಮಾತ್ರ. ಮಂಗಳವಾರದ ಮೀಟಿಂಗು ತಲೇಲಿ ಇಟ್ಕೊಂಡು ಹೋದವನು ಕೌಂಟರಿನಲ್ಲಿ ಜಗಳಕ್ಕೇ ನಿಲ್ಲೋದು. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ತೀರಿಕೊಂಡರು. ನಡೆದು ಅಭ್ಯಾಸ ಇದ್ದವರು, ಬೆಟ್ಟ ಗೊತ್ತಿದ್ದವರು. ಅಂಥವರಿಗೇ ಹಾಗಾಗುವ ಜಾಗಕ್ಕೆ ನಾವು ಒಂದು ದಿನದ ಬಫರ್ ಕೂಡ ಇಲ್ಲದೆ ಹೊರಡ್ತೀವಿ. ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸೋಕೂ ಎರಡು ದಿನ ಬಫರ್ ಕೇಳೋ ಜನ ನಾವು!

ಇಷ್ಟೇ ಆಗಿದ್ರೆ ‘ಅವರವರ ಜೀವ, ಅವರವರ ರಜೆ’ ಅಂತ ಸುಮ್ಮನಾಗಬಹುದಿತ್ತು. ಆದ್ರೆ ನಮ್ಮ ಆತುರಕ್ಕೆ ಬೆಟ್ಟಾನೂ ದಂಡ ಕಟ್ತಿದೆ. ಚಾರ್‌ಧಾಮ್ ರಸ್ತೆ ಅಗಲ ಮಾಡೋ ಯೋಜನೆ ಒಟ್ಟು ಸುಮಾರು 900 ಕಿಲೋಮೀಟರಿನದು. ನೂರು ಕಿಲೋಮೀಟರ್ ದಾಟಿದ್ರೆ ಪರಿಸರದ ಪರಿಣಾಮದ ಅಧ್ಯಯನ ಆಗಬೇಕಿತ್ತು. ಅದನ್ನ 53 ತುಂಡು ಮಾಡಿದ್ರು, ಯಾವ ತುಂಡೂ ನೂರು ದಾಟದ ಹಾಗೆ. ದೊಡ್ಡ ಪುಲ್ ರಿಕ್ವೆಸ್ಟ್ ಹಾಕಿದ್ರೆ ರಿವ್ಯೂನಲ್ಲಿ ಸಿಕ್ಕಿಬೀಳ್ತೀವಿ ಅಂತ ಚೂರುಚೂರು ಮಾಡಿ ಸಂಜೆ ಆರರ ಮೇಲೆ ಮರ್ಜ್ ಮಾಡ್ತೀವಲ್ಲ, ಥೇಟ್ ಅದೇ. ಸುಪ್ರೀಂ ಕೋರ್ಟು ನೇಮಿಸಿದ್ದ ಸಮಿತಿಯ ಅಧ್ಯಕ್ಷರಾಗಿದ್ದ ರವಿ ಚೋಪ್ರಾ ಕಿರಿದಾದ ರಸ್ತೆಯೇ ಸಾಕು ಅಂದಿದ್ದರು. 2021ರ ಡಿಸೆಂಬರಿನಲ್ಲಿ ಕೋರ್ಟು ಸೇನೆಯ ಅಗತ್ಯ ಅಂತ ಹತ್ತು ಮೀಟರಿಗೆ ಒಪ್ಪಿಗೆ ಕೊಟ್ಟಿತು. ಅವರು ರಾಜೀನಾಮೆ ಕೊಟ್ಟು ಹೊರಬಂದರು. ಅದೇ ಯೋಜನೆಯ ಸಿಲ್ಕ್ಯಾರಾ ಸುರಂಗ 2023ರ ನವೆಂಬರಿನಲ್ಲಿ ಕುಸಿದು 41 ಕಾರ್ಮಿಕರು 17 ದಿನ ಒಳಗಿದ್ದರು. ಸೇನೆಗೆ ರಸ್ತೆ ಬೇಕು, ಒಪ್ಪೋಣ. ಆದ್ರೆ ಆ ರಸ್ತೆಯಲ್ಲಿ ಮೇ-ಜೂನಿನಲ್ಲಿ ಮೈಲುಗಟ್ಟಲೆ ನಿಂತಿರೋ ಟೆಂಪೋ ಟ್ರಾವೆಲರುಗಳಲ್ಲಿ ಇರೋದು ಸೈನಿಕರಲ್ಲ, ನಾವು.

ಬದರಿನಾಥನ ದಾರಿಯಲ್ಲಿರೋ ಜೋಶಿಮಠ ಹಳೇ ಭೂಕುಸಿತದ ಮಣ್ಣಿನ ಮೇಲೆ ಕೂತಿದೆ, ಅಲ್ಲಿ ಭಾರೀ ಕಟ್ಟಡ ಬೇಡ ಅಂತ ಸರ್ಕಾರದ್ದೇ ಸಮಿತಿ 1976ರಲ್ಲಿ ಹೇಳಿತ್ತು. 2023ರ ಜನವರಿಯಲ್ಲಿ ಅಲ್ಲಿ 800ಕ್ಕೂ ಹೆಚ್ಚು ಕಟ್ಟಡ ಬಿರುಕು ಬಿಟ್ಟವು. 1974ರಲ್ಲಿ ಗೌರಾದೇವಿ ಮತ್ತು ಊರ ಹೆಂಗಸರು ಮರ ಕಡಿಯೋಕೆ ಬಂದವರಿಗೆ ಅಡ್ಡ ನಿಂತ ರೇಣಿ ಗ್ರಾಮ ಇದೆಯಲ್ಲ, ಆ ಚಿಪ್ಕೋದಿಂದಲೇ ನಮ್ಮ ಶಿರಸಿಯ ಅಪ್ಪಿಕೋ ಹುಟ್ಟಿದ್ದು. 2021ರ ಫೆಬ್ರವರಿಯ ಋಷಿಗಂಗಾ ಪ್ರವಾಹ ನುಗ್ಗಿದ್ದು ಅದೇ ರೇಣಿಯ ಬುಡಕ್ಕೆ. ಗುಡ್ಡದ ಕಾಲು ಕತ್ತರಿಸಿದ್ರೆ ಏನಾಗುತ್ತೆ ಅಂತ ಶಿರೂರು ನೋಡಿದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ರೋಪ್‌ವೇ ಬರ್ತಿದೆ. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್, 4,081 ಕೋಟಿ ರೂಪಾಯಿ, 2025ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ಎಂಟೊಂಬತ್ತು ಗಂಟೆಯ ದಾರಿ 36 ನಿಮಿಷಕ್ಕೆ ಇಳಿಯುತ್ತಂತೆ. ‘ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಗೆ ರೈಲೇ ಇಲ್ವಾ?’ ಅಂತ ಒಬ್ಬ ಸಹೋದ್ಯೋಗಿ ನನ್ನ ಕೇಳಿದ. ಇದೆ ಮಾರಾಯ, 1896ರಲ್ಲಿ ಕೆಲಸ ಶುರುಮಾಡಿ 1912ರಲ್ಲಿ ಮುಗಿಸಿದ್ರು. ನಮ್ಮದು ಇನ್ನೂ ಬೆಳೀತಿರೋ ಬೆಟ್ಟ, ಭೂಕಂಪದ ಸೀಮೆ. ಆ ಕಿರಿದಾದ ಕಣಿವೆಗೆ 2023ರ ಒಂದೇ ಸೀಸನ್ನಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ಹತ್ತಿದ್ದಾರೆ. 2013ರ ಜೂನಿನಲ್ಲಿ ಚೋರಾಬಾರಿ ಕೆರೆ ಒಡೆದು ಸಾವಿರಾರು ಜನ ಕೊಚ್ಚಿಹೋದದ್ದು ಇದೇ ಕಣಿವೆಯಲ್ಲಿ. ಅಷ್ಟೂ ಜನರನ್ನ ಇನ್ನೂ ಬೇಗ ಬೇಗ ಮೇಲೆ ತುಂಬಿಸಿದ್ರೆ, ಮಳೆ ಬಂದ ದಿನ ಅವರೆಲ್ಲ ಓಡೋದು ಎಲ್ಲಿಗೆ? ಅಂದಹಾಗೆ ಆ ಸಹೋದ್ಯೋಗಿ ಸ್ವಿಟ್ಜರ್ಲೆಂಡಿಗೆ ಹನ್ನೆರಡು ದಿನ ಹೋಗಿದ್ದ. ವೀಸಾಗೆ ಮೂರು ತಿಂಗಳು ಮುಂಚೆ ಅರ್ಜಿ, ಮ್ಯಾನೇಜರಿಗೆ ನಾಲ್ಕು ತಿಂಗಳು ಮುಂಚೆ ಮೇಲು. ಕೇದಾರಕ್ಕೆ ಮಾತ್ರ ರಜೆ ಸಿಗಲ್ಲ ಅವನಿಗೆ!

“ನಾವು ಹೋಗೋದ್ರಿಂದ ಅಲ್ಲಿಯವರ ಹೊಟ್ಟೆ ತುಂಬುತ್ತೆ” ಅನ್ನೋದು ಕೊನೇ ವಾದ. ತುಂಬುತ್ತೆ, ಉಳಿದ್ರೆ. ಊಖಿಮಠದಲ್ಲಿ ಎರಡು ರಾತ್ರಿ ಉಳಿದವನ ದುಡ್ಡು ಲಾಡ್ಜಿನವರಿಗೆ, ರೊಟ್ಟಿ-ದಾಲ್ ಹಾಕಿದ ಮನೆಯವರಿಗೆ ಹೋಗುತ್ತೆ. ನಡೆದು ಹತ್ತಿದವನ ದುಡ್ಡು ಡಂಡಿ ಹೊತ್ತವರಿಗೆ, ನೇಪಾಳದಿಂದ ಬಂದು ಬೆನ್ನ ಮೇಲಿನ ಬುಟ್ಟಿಯಲ್ಲಿ ಜನರನ್ನ ಹೊರೋ ಕಂಡಿಯವರಿಗೆ, ಚಹಾದಂಗಡಿಗೆ. ಹಾರಿ ಹೋಗಿ ಹಾರಿ ಬಂದವನ ದುಡ್ಡಿನಲ್ಲಿ ಆ ಊರಿಗೆ ಮಿಗೋದು ರೆಕ್ಕೆಯ ಸದ್ದು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಕೇದಾರ ಒಂದಕ್ಕೇ ಕನಿಷ್ಠ ಎಂಟು-ಒಂಬತ್ತು ದಿನ ಇಡಿ, ಅದರಲ್ಲಿ ಎರಡು ದಿನಕ್ಕೆ ಏನೂ ಬರೀಬೇಡಿ, ಖಾಲಿ ಬಿಡಿ. ನಾಲ್ಕೂ ಧಾಮ ಒಂದೇ ಏಟಿಗೆ ಬೇಡ. ಅಪ್ಪ-ಅಮ್ಮನ್ನ ಹೊರಡೋ ಮುಂಚೆ ಡಾಕ್ಟರಿಗೆ ತೋರಿಸಿ, ಎತ್ತರ ಎಷ್ಟು ಅಂತ ಬಾಯಿಬಿಟ್ಟು ಹೇಳಿ. ಅಷ್ಟು ರಜೆ ನಿಜವಾಗಿಯೂ ಇಲ್ವಾ, ಹಾಗಾದ್ರೆ ಮೇ ತಿಂಗಳಲ್ಲಿ ಹೋಗಲೇಬೇಡಿ. ಡಿಸೆಂಬರಿನಲ್ಲಿ ಊಖಿಮಠಕ್ಕೆ ಹೋಗಿ. ಅದೇ ಸ್ವಾಮಿ ಅಲ್ಲಿರ್ತಾನೆ, ಎತ್ತರ 1,300 ಮೀಟರಷ್ಟೇ, ಆಕಾಶ ತಿಳಿಯಾಗಿದ್ರೆ ಚೌಖಂಬಾ ಶಿಖರ ಎದುರಿಗೇ ಕಾಣುತ್ತೆ. ಕ್ಯೂ ಇರಲ್ಲ. ಸ್ವೆಟರು ಎರಡು ಇಟ್ಕೊಳ್ಳಿ, ರಾತ್ರಿ ಚಳಿ ಜಾಸ್ತಿ.